ಪಿಂಕವ್ವನ ಜಟೆ

ಶಾರವ್ವ ಆ ನಾಯಿಯನ್ನು ಕೆರೂರಿಗೆ ತಂದ ದಿನ ಬಸ್ಸಿನಲ್ಲಿದ್ದ ಯಾರಿಗೂ ಅದು ನಾಯಿ ಎಂದು ಗೊತ್ತಾಗಲಿಲ್ಲ. ಕೈಚೀಲದಲ್ಲಿ ಹಳೆಯ ಟವೆಲು ಹಾಸಿ, ಅದರೊಳಗೆ ನಾಯಿಯನ್ನು ಕೂಡಿಸಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಚೀಲದ ಬಾಯಲ್ಲಿ ಕಾಣುತ್ತಿದ್ದದ್ದು ಬರೀ ಕೂದಲು. ಮುಖದ ಮೇಲೆ ಬೆಲ್ಲದ ಬಣ್ಣ, ಬೆನ್ನ ಮೇಲೆ ಕಬ್ಬಿಣದ ಬಣ್ಣ, ಎರಡೂ ರೇಷ್ಮೆ ಎಳೆಯ ಹಾಗೆ ನೇರವಾಗಿ ಇಳಿಬಿದ್ದಿದ್ದವು.

"ಏನವಾ, ಚೌರಿ ಮಾರಾಕ ಹೊಂಟೀಯೇನು?" ಎಂದು ಪಕ್ಕದ ಹೆಂಗಸು ಕೇಳಿದಳು.

"ಇಲ್ಲವಾ. ನಾಯಿ."

"ನಾಯಿ?" ಆ ಹೆಂಗಸು ಸೀಟಿನಿಂದ ಎದ್ದೇಬಿಟ್ಟಳು. ಅದನ್ನೇ ಕಾಯುತ್ತಿತ್ತೋ ಏನೋ, ಚೀಲದೊಳಗಿನ ಜೀವ ತಲೆ ಹೊರಗೆ ಹಾಕಿ ಕಿವಿ ತೂತಾಗುವ ಹಾಗೆ ಬೊಗಳಿತು. ಕಂಡಕ್ಟರು ದೂರದಿಂದಲೇ, "ಯಕ್ಕಾ, ಅದರ ಬಾಯಿ ಮುಚ್ಚಸು. ಇಲ್ಲಂದ್ರ ಅದನ್ನ ಮುಂದ ಕುಂಡ್ರಿಸಿ ಹಾರ್ನ್ ಬಿಚ್ಚಿ ಇಡ್ತೇವಿ" ಎಂದ. ಬಸ್ಸೆಲ್ಲ ನಕ್ಕಿತು. ಶಾರವ್ವ ನಾಚಿಕೊಂಡು ಸೆರಗನ್ನು ಚೀಲದ ಮೇಲೆ ಎಳೆದಳು.

ಅದು ಯಾರ್ಕ್‌ಶೈರ್ ಟೆರಿಯರ್ ಎಂಬ ಜಾತಿಯ ನಾಯಿ. ಆ ಹೆಸರು ಶಾರವ್ವನ ನಾಲಿಗೆಯ ಮೇಲೆ ಕೊನೆಯವರೆಗೂ ಸರಿಯಾಗಿ ಹೊರಳಲಿಲ್ಲ. ಅವಳು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹುಡುಗಿಯರ ಹಾಸ್ಟೆಲೊಂದರ ಅಡುಗೆಯವಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವಳು. ಮಧ್ಯಾಹ್ನದ ಊಟ ಬಡಿಸಿ ಪಾತ್ರೆ ತೊಳೆದ ಮೇಲೆ ಸ್ವಲ್ಪ ಬಿಡುವು ಸಿಗುತ್ತಿತ್ತು. ಆ ಹೊತ್ತಿನಲ್ಲಿ ಹಾಸ್ಟೆಲಿನ ಹಿಂದಿನ ಮನೆಗೆ ಹೋಗಿ ಈ ನಾಯಿಯ ಕೂದಲು ಬಾಚುವುದು ಅವಳ ಇನ್ನೊಂದು ಕೆಲಸ. ಮನೆಯೊಡತಿ ಶುಭದಾ ಕಾಲೇಜಿನಲ್ಲಿ ಪಾಠ ಹೇಳುವವರು. ಮಗಳು ಹಟ ಹಿಡಿದಳೆಂದು ನಾಯಿ ತಂದಿದ್ದರು. ಮಗಳಿಗೆ ನಾಯಿ ಬೇಸರವಾಯಿತು, ನಾಯಿಗೆ ಮಾತ್ರ ಕೂದಲು ಬೆಳೆಯುವುದು ನಿಲ್ಲಲಿಲ್ಲ.

ಹೇಗೆ ಬಾಚಬೇಕೆಂದು ಶುಭದಾ ಪಕ್ಕದಲ್ಲಿ ಕೂತು ಕಲಿಸಿದ್ದರು. ಉಳಿದ ನಾಯಿಗಳ ಹಾಗೆ ಇದರ ಕೂದಲು ಮನೆತುಂಬ ಉದುರುವುದಿಲ್ಲ, ಅದೊಂದು ಸುಖ. ಆದರೆ ಮನುಷ್ಯರ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಬಾಚದೆ ಬಿಟ್ಟರೆ ಗಂಟು ಬೀಳುತ್ತದೆ. ಕೊರಳಿಗೆ ಪಟ್ಟಿ ಹಾಕಿ ಎಳೆಯಬಾರದು, ಗಂಟಲು ಅಷ್ಟು ಸೂಕ್ಷ್ಮ. ಎದೆಗೆ ಸುತ್ತುವ ಪಟ್ಟಿಯನ್ನೇ ಹಾಕಬೇಕು. ಮಂಚದಿಂದ ಹಾರಲು ಬಿಡಬಾರದು. ಬಿಸಿಲೂ ಆಗದು, ಚಳಿಯೂ ಆಗದು.

"ಇಷ್ಟ ಸಣ್ಣ ಜೀವಕ್ಕ ಇಷ್ಟೊಂದ ಕಾಯ್ದೆ ಏನ್ರಿ ಬಾಯಾರ" ಎಂದು ಶಾರವ್ವ ನಕ್ಕಿದ್ದಳು.

"ಕಾಯ್ದೆ ಮುರಿದ್ರ ಶಿಕ್ಷಾ ನಮಗಲ್ಲ ಶಾರವ್ವಾ, ಅದಕ್ಕ ಆಗ್ತದ" ಎಂದಿದ್ದರು ಶುಭದಾ.

ಮುಂದೆ ಶುಭದಾ ಅವರ ಅತ್ತೆ ಇಲ್ಲಿಯೇ ಇರಲು ಬಂದರು. ಮಡಿಯ ಹೆಂಗಸು. ನಾಯಿ ಅಡುಗೆಮನೆಯ ಹೊಸ್ತಿಲು ದಾಟಿದರೆ ಅವತ್ತು ಊಟ ಬಿಡುತ್ತಿದ್ದರು. ಒಂದು ದಿನ ಶುಭದಾ, "ನಿನ್ನ ಕೈಗೆ ಹೊಂದಿಕೊಂಡದ. ನೀನೇ ಒಯ್ದುಬಿಡು" ಎಂದು ಹಣಿಗೆಯನ್ನೂ ಎದೆಪಟ್ಟಿಯನ್ನೂ ಕೊಟ್ಟರು. ಬೇಡ ಎನ್ನಲು ಶಾರವ್ವನಿಗೆ ಬಾಯಿ ಬರಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ.

ಮಕ್ಕಳಿಲ್ಲದ್ದಕ್ಕೆ ಅವಳ ಮನೆಯಲ್ಲಿ ಒಂದು ಕಾರಣ ಹೇಳುತ್ತಿದ್ದರು. ತಲೆಗೂದಲು ತಾನಾಗಿ ಗಂಟುಗಟ್ಟಿ ಹಗ್ಗದ ಹಾಗೆ ಬಿಗಿದುಕೊಂಡರೆ ಅದಕ್ಕೆ ಜಟೆ ಎನ್ನುತ್ತಾರೆ. ಅದು ಎಲ್ಲಮ್ಮ ದೇವಿ ಬಂದ ಗುರುತು ಎಂದು ಭಂಡಾರದ ಅರಿಷಿಣ ಹಚ್ಚುತ್ತಾರೆ, ಕತ್ತರಿ ಮುಟ್ಟಿಸುವುದಿಲ್ಲ. ಹುನಗುಂದದ ಕಡೆಯ ತವರಿನಲ್ಲಿ ಶಾರವ್ವ ಸಣ್ಣವಳಿದ್ದಾಗ ಅವಳ ತಲೆಯಲ್ಲಿ ಜಟೆ ಬಂದಿತ್ತು. ಸಾಲೆಯ ಅಕ್ಕೋರೊಬ್ಬರು ಅವಳ ಅಪ್ಪನ ಮನ ಒಲಿಸಿ ಅದನ್ನು ತೆಗೆಸಿದರು. ಅವ್ವ ಅತ್ತಳು, ಅಷ್ಟೆ. ಶಾರವ್ವ ಸಾಲೆ ಕಲಿತಳು, ಬೆಳೆದಳು, ಕೆರೂರಿನ ಯಮನಪ್ಪನನ್ನು ಮದುವೆಯಾಗಿ ಬಂದಳು. ಎರಡು ಸಲ ಬಸಿರಾದಳು. ಎರಡೂ ಸಲ ಉಳಿಯಲಿಲ್ಲ. ಆಮೇಲೆ ಯಾವುದೋ ಮದುವೆಯಲ್ಲಿ ತವರಿನ ಕಡೆಯವರೊಬ್ಬರು ಬಾಯಿಬಿಟ್ಟಿದ್ದರಿಂದ ಜಟೆ ತೆಗೆಸಿದ ಸುದ್ದಿ ಅತ್ತೆ ಲಗಮವ್ವನ ಕಿವಿಗೆ ಬಿತ್ತು.

ಅಂದಿನಿಂದ ಲಗಮವ್ವ ಸೊಸೆಯ ಕೈಯಡುಗೆ ಬಿಟ್ಟಳು. ಹಿತ್ತಲ ಕಡೆ ಬೇರೆ ಒಲೆ ಹೂಡಿ ತನ್ನ ರೊಟ್ಟಿ ತಾನು ಬಡಿದುಕೊಂಡಳು. ನೇರ ಮಾತೂ ನಿಂತಿತು. ಸೊಸೆ ಎದುರಿಗೆ ನಿಂತಿದ್ದರೂ, "ಯಮನಪ್ಪಾ, ನಿನ್ನ ಹೇಣ್ತಿಗಿ ಹೇಳು, ನೀರ ತುಂಬಂತ" ಎನ್ನುವಳು. ಯಮನಪ್ಪ ಕೆರೂರಿನಿಂದ ಕುಳಗೇರಿ ಕ್ರಾಸಿಗೆ ಟಂಟಂ ಆಟೋ ಹೊಡೆಯುವವನು. ಊರ ಜನರೊಂದಿಗೆಲ್ಲ ಮಾತಾಡಿ ಬಂದು ಮನೆಯಲ್ಲಿ ಸುಮ್ಮನಿರುವ ಗಂಡಸು. ಹಾಸ್ಟೆಲಿನ ಹುಡುಗಿಯರು ಚಪ್ಪರಿಸಿಕೊಂಡು ತಿನ್ನುತ್ತಿದ್ದ ಅಡುಗೆಯನ್ನು ಶಾರವ್ವನ ಮನೆಯಲ್ಲಿ ತಿನ್ನುವವನು ಅವನೊಬ್ಬನೇ.

ನಾಯಿ ಬಂದ ದಿನ ಲಗಮವ್ವ ಹೇಳಿದ್ದೂ ಹಾಗೆಯೇ: "ಯಮನಪ್ಪಾ, ನಿನ್ನ ಹೇಣ್ತಿಗಿ ಹೇಳು, ನಾಯಿ ಅಂದಮ್ಯಾಲ ಅಂಗಳದಾಗ ಇರಬೇಕು."

ಆದರೆ ಆ ನಾಯಿಗೆ ಕಟ್ಟೆ ಹತ್ತಲು ಬರುತ್ತಿರಲಿಲ್ಲ. ಲಗಮವ್ವ ಕಟ್ಟೆಯ ಮೇಲೆ ಕೂತು ಕಾಳು ಆರಿಸುವಾಗ ಕೆಳಗೆ ನಿಂತು, ಮುಂಗಾಲು ಕಲ್ಲಿಗೆ ಹಚ್ಚಿ, ಕುಂಯ್ ಕುಂಯ್ ಎನ್ನುವುದು. ಒಂದೆರಡು ದಿನ ಅವಳು ಕಾಳು ಕೇರುವ ಮರ ಎತ್ತಿ ಬೆದರಿಸಿದಳು. ಆಮೇಲೊಂದು ದಿನ ಶಾರವ್ವ ಬಸ್ಸಿಳಿದು ಬಂದು ನೋಡಿದರೆ ನಾಯಿ ಅತ್ತೆಯ ಮಡಿಲಲ್ಲಿತ್ತು. ಕಣ್ಣಿಗೆ ಬೀಳುತ್ತಿದ್ದ ಕೂದಲನ್ನು ಮೇಲೆತ್ತಿ ಕೆಂಪು ರಿಬ್ಬನ್ ಕಟ್ಟಿದ್ದಳು. ಪಿಂಕಿ ಎಂಬ ಹೆಸರು ಪಿಂಕವ್ವ ಆಗಿತ್ತು.

ಬೇಸಿಗೆಯಲ್ಲಿ ಲಗಮವ್ವ ಗೋಣಿತಟ್ಟು ತೋಯಿಸಿ ಹಾಸಿ ಅದನ್ನು ಮಲಗಿಸಿದಳು. ಹಲ್ಲು ಸಡಿಲವಾಗಿವೆ ಎಂದು ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಕೊಟ್ಟಳು. ಕಟ್ಟೆಯಿಂದ ಹಾರಿ ಕಾಲು ಉಳುಕಿಸಿಕೊಂಡಾಗ ಅರಿಷಿಣದ ಪಟ್ಟು ಹಾಕಿದಳು. ಓಣಿಯ ನಾಯಿಯೊಂದು ಬಾಯಿ ಹಾಕಿದ ಮೇಲಂತೂ ಅದನ್ನು ಸೊಂಟದ ಮೇಲೆ ಹೊತ್ತೇ ತಿರುಗಿದಳು. ಟಂಟಂ ಬಂದರೂ ಬೊಗಳು, ಮಂಗ ಬಂದರೂ ಬೊಗಳು, ಗಾಳಿಗೆ ಎಲೆ ಉರುಳಿದರೂ ಬೊಗಳು. ಪಕ್ಕದ ಮನೆಯ ಇಂದ್ರವ್ವ ಗೋಡೆಯ ಮೇಲಿಂದ ಇಣುಕಿ, "ಲಗಮವ್ವಾ, ಅದಕ್ಕ ಒಂದೀಟ ಸೂಟಿ ಕೊಡ. ನಮ್ಮ ಕಿವಿಗೂ ಸೂಟಿ ಸಿಗಲಿ" ಎನ್ನುವಳು. "ನಿನ್ನ ಬಾಯಿಗಿಂತ ಸಣ್ಣದೈತಿ ತಗೋ" ಎಂದು ಲಗಮವ್ವ ತಿರುಗಿ ಕೊಡುವಳು.

ಒಂದು ಸಂಜೆ ಶಾರವ್ವ ಒಲೆಯ ಮುಂದೆ ಇದ್ದಾಗ ಬೆನ್ನ ಹಿಂದಿನಿಂದ ಮಾತು ಕೇಳಿತು.

"ಶಾರೀ, ಪಿಂಕವ್ವ ಉಂಡಳೇನು?"

ಯಮನಪ್ಪ ಮನೆಯಲ್ಲಿರಲಿಲ್ಲ. ಮಾತು ತನಗೇ ಎಂದು ತಿಳಿಯಲು ಶಾರವ್ವನಿಗೆ ತುಸು ಹೊತ್ತು ಹಿಡಿಯಿತು. "ಉಂಡಾಳ್ರಿ ಅತ್ತಿ" ಎಂದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅಲ್ಲಿಂದ ನಾಯಿಯ ಮಾತು ಶುರುವಾಯಿತು. ಊಟದ ಮಾತಿಗೆ ಇನ್ನೂ ದೂರವಿತ್ತು. ಆದರೂ ಶಾರವ್ವ ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಪಕ್ಕ ಕೂತು ಏನಾದರೂ ಗುನುಗುವುದು ಆಗಲೇ ಶುರುವಾದದ್ದು.

ಮಳೆಗಾಲದಲ್ಲಿ ಊರಿಗೆ ಚಿಕೂನ್‌ಗುನ್ಯಾ ಬಂತು. ಶಾರವ್ವನಿಗೆ ಜ್ವರ ಬೇಗ ಬಿಟ್ಟರೂ ಬೆರಳು ಬಿಡಲಿಲ್ಲ. ಗಿಣ್ಣುಗಳು ಬಾತು, ಚಮಚ ಹಿಡಿಯುವುದೂ ಆಗದೆ, ಹಾಸ್ಟೆಲಿಗೆ ರಜೆ ಹಾಕಿ ಮನೆಯಲ್ಲಿ ಬಿದ್ದಳು. ಹಣಿಗೆಯನ್ನು ಅತ್ತೆಯ ಕೈಗೆ ಕೊಟ್ಟು, "ದಿನಾ ಒಂದೀಟ ಬಾಚ್ರಿ ಅತ್ತಿ" ಎಂದು ಬೇಡಿಕೊಂಡಳು. ಲಗಮವ್ವ ಬಾಚಲು ಕೂತಳು. ಒಂದು ಸಿಕ್ಕಿಗೆ ಹಣಿಗೆ ತಾಗಿ ನಾಯಿ ಚೀರಿತು. "ಕೂಸಿಗಿ ನೋವ ಆಕ್ಕೈತಿ" ಎಂದು ಹಣಿಗೆ ಬದಿಗಿಟ್ಟು, ಕೊಬ್ಬರಿ ಎಣ್ಣೆ ಹಚ್ಚಿ ಸವರಿದಳು. ಮರುದಿನವೂ ಎಣ್ಣೆ. ಅದರ ಮರುದಿನವೂ ಎಣ್ಣೆ.

"ಬಾಗಲಕೋಟಿಗಿ ಒಯ್ದು ಕೂದಲ ಸಣ್ಣಗ ಕತ್ತರಿಸಿಕೊಂಡರ ಬರ್ರಿ" ಎಂದು ಶಾರವ್ವ ಗಂಡನಿಗೆ ಹೇಳಿದಳು. "ನಾಳಿ ಒಯ್ತೇನಿ" ಎಂದ ಯಮನಪ್ಪ. ನಾಳೆ ಗಾಡಿಗೆ ಬಾಡಿಗೆ ಸಿಕ್ಕಿತು, ನಾಡಿದ್ದು ಗಾಡಿಯೇ ಕೆಟ್ಟಿತು.

ಒಂದು ಮಂಗಳವಾರ ಮುಂಜಾನೆ ಲಗಮವ್ವ ಗಟ್ಟಿಯಾಗಿ ಕೂಗಿದಳು. "ಶಾರೀ, ಇಲ್ಲಿ ಬಾ. ಕೈ ಮುಗಿ."

ನಾಯಿ ಅವಳ ಮಡಿಲಲ್ಲಿತ್ತು. ಎಡಕಿವಿಯ ಹಿಂದೆ ಕೂದಲು ಒಂದಕ್ಕೊಂದು ಹೆಣೆದುಕೊಂಡು ಬೆರಳ ಗಾತ್ರ ಗಟ್ಟಿಯಾಗಿತ್ತು. ಲಗಮವ್ವ ಆಗಲೇ ಅದಕ್ಕೆ ಭಂಡಾರ ಹಚ್ಚಿದ್ದಳು.

"ಎಲ್ಲವ್ವ ಬಂದಾಳ" ಎಂದಳು.

"ಅತ್ತಿ, ಅದು ಗಂಟ್ರಿ. ನಾ ಬಾಚಿಲ್ಲಲ್ಲ, ಅದಕ್ಕ."

"ಗಂಟಲ್ಲವಾ. ನಿನ್ನ ತಲ್ಯಾಗಿಂದ ಸಿಟ್ಟಾಗಿ ಹೋದಾಕಿ ತಾನಾಗೇ ತಿರುಗಿ ಬಂದಾಳ. ಯಾರನ್ನ ಹುಡುಕ್ಕೊಂಡ ಬಂದಾಳ ನೋಡು. ನಿನ್ನ ತಪ್ಪ ಹೊಟ್ಟ್ಯಾಗ ಹಾಕ್ಕೊಂಡಾಳ." ಹೀಗೆಂದು ಲಗಮವ್ವ ಚಿಟಿಕೆ ಭಂಡಾರ ತೆಗೆದು ಸೊಸೆಯ ಹಣೆಗೆ ಹಚ್ಚಿದಳು. ಹಚ್ಚಿದ ಕೈಯನ್ನು ಹಾಗೆಯೇ ಅವಳ ತಲೆಯ ಮೇಲೆ ಇಟ್ಟಳು.

ಶಾರವ್ವನಿಗೆ ಗೊತ್ತಿತ್ತು. ಆ ಕೂದಲು ಹೇಗೆ ಸಿಕ್ಕಾಗುತ್ತದೆ, ಹೇಗೆ ಬಿಡುತ್ತದೆ ಎಂದು ಅವಳ ಬೆರಳುಗಳಿಗೆ ಗೊತ್ತಿತ್ತು. ಆದರೆ ಈ ಮನೆಗೆ ಬಂದ ಮೇಲೆ ಆ ಕೈ ಅವಳ ತಲೆ ಮುಟ್ಟಿದ್ದು ಅದೇ ಮೊದಲು. ಅವಳು ಕಣ್ಣು ಮುಚ್ಚಿ, ಬಾತ ಬೆರಳುಗಳನ್ನು ಕಷ್ಟಪಟ್ಟು ಕೂಡಿಸಿ ಕೈ ಮುಗಿದಳು.

ಅವತ್ತು ಮಧ್ಯಾಹ್ನ ಲಗಮವ್ವ ತನ್ನ ಒಲೆ ಹಚ್ಚಲಿಲ್ಲ. ಸೊಸೆ ನೋವಿನ ಕೈಯಲ್ಲೇ ಬೇಯಿಸಿದ ಅನ್ನ ಸಾರು ಉಂಡಳು. "ಉಪ್ಪ ತುಸು ಕಡಿಮಿ ಆಗೇತಿ" ಎಂದಳು. ಶಾರವ್ವ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಓಣಿಯ ಹೆಂಗಸರು ಬಂದು ನೋಡಿ ಹೋದರು. ಕಿವಿಗೆ ರಜೆ ಕೇಳಿದ್ದ ಇಂದ್ರವ್ವ ಕಾಯಿ ತಂದು ಒಡೆದಳು. ಎಲ್ಲರೂ ನಂಬಿದರೆಂದಲ್ಲ. ಚಹಾದಂಗಡಿಯ ಹೊಳಬಸಪ್ಪ, "ಲೇ ಯಮನಪ್ಪಾ, ನಿಮ್ಮ ನಾಯಿಗಿ ನಾ ಕೈ ಮುಗೀಲೋ, ಬಿಸ್ಕೀಟ ಹಾಕಲೋ?" ಎಂದು ಜನರ ಮುಂದೆ ಕೇಳಿದ. "ಎರಡೂ ಮಾಡಲೇ, ಎದಕ್ಕೂ ಇರಲಿ" ಎಂದು ಯಮನಪ್ಪ ಚಹಾ ಕುಡಿದು ಎದ್ದ. ಮನೆಗೆ ಬಂದು ಈ ಮಾತನ್ನು ಹೇಳಲಿಲ್ಲ. ಮನೆಯಲ್ಲಿ ಈಗ ಅವ್ವ ಮತ್ತು ಹೆಂಡತಿ ಒಂದೇ ತಟ್ಟೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಅದನ್ನು ಕೆಡಿಸಲು ಅವನಿಗೂ ಮನಸ್ಸಿರಲಿಲ್ಲ.

ಶಾರವ್ವನ ಬೆರಳು ನಿಧಾನವಾಗಿ ಮಡಚತೊಡಗಿದವು. ಹಣಿಗೆ ಹಿಡಿಯಲು ಬಂದಾಗ ನಾಯಿಯ ಬೆನ್ನು, ಕಾಲು, ಹೊಟ್ಟೆ ಬಾಚಿದಳು. ಎಡಕಿವಿಯ ಹತ್ತಿರ ಕೈ ನಿಲ್ಲುತ್ತಿತ್ತು. ಗಂಟು ಕಿವಿಯ ಹಿಂದಿನಿಂದ ಕೊರಳಿಗೆ ಇಳಿದು, ಎಣ್ಣೆಯೂ ಭಂಡಾರವೂ ಕೂಡಿ ತೊಗಲಿನಂತೆ ಬಿರುಸಾಗಿತ್ತು. ನಾಯಿ ಪದೇ ಪದೇ ತಲೆ ಕೊಡವುತ್ತಿತ್ತು. ಗೋಡೆಗೆ ಕಿವಿ ತಿಕ್ಕುತ್ತಿತ್ತು. ಟಂಟಂ ಬಂದರೂ ಬೊಗಳದಾಯಿತು.

"ದೇವಿ ಮೈಮ್ಯಾಲ ಇದ್ರ ಹಂಗ, ಗಂಭೀರ ಆಕ್ಕಾರ" ಎಂದಳು ಲಗಮವ್ವ.

ಆಮೇಲೆ ವಾಸನೆ ಬಂತು. ಲಗಮವ್ವ ಬೆಳಿಗ್ಗೆ ಸಂಜೆ ಲೋಬಾನ ಹಾಕಿದಳು. ಲೋಬಾನದ ಹೊಗೆ ಆರಿದ ಮೇಲೆ ನೊಣ ಬಂದು ಕೂಡುತ್ತಿದ್ದವು. ಒಂದು ಮಧ್ಯಾಹ್ನ ಶಾರವ್ವ ಹೊಲಿಗೆಯ ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾಯಿಯ ಹತ್ತಿರ ಕೂತಳು. ಇದು ಗಂಟೇ ಎಂದು ಅವಳ ಒಂದು ಮನಸ್ಸು ಹೇಳಿತು. ನಿನ್ನದನ್ನೂ ಗಂಟೆಂದೇ ತೆಗೆದರು, ಆಮೇಲೆ ಎರಡು ಬಸಿರು ಏನಾದವು ಎಂದು ಇನ್ನೊಂದು ಕೇಳಿತು. ಅಷ್ಟರಲ್ಲಿ ಕಟ್ಟೆಯಿಂದ ಅತ್ತೆ ಕೂಗಿದಳು: "ಶಾರೀ, ಒಂದ ರೊಟ್ಟಿ ತಾರವಾ. ನಿನ್ನ ಚಟ್ನಿ ಹಾಕ್ಕೊಂಡ ಬಾ." ಶಾರವ್ವ ಕತ್ತರಿಯನ್ನು ಡಬ್ಬಿಯಲ್ಲಿಟ್ಟು ರೊಟ್ಟಿ ಒಯ್ದಳು. ತಾರವಾ ಎನ್ನುವಂಥ ಒಂದು ಅಕ್ಕರೆಯ ಮಾತಿಗೆ ಎಷ್ಟೋ ದಿನ ಕಾದಿದ್ದವಳು ಅವಳು.

ನಾಯಿ ಹಾಲನ್ನೂ ಮೂಸದೆ ಬಿಟ್ಟ ದಿನ ಊರಲ್ಲಿ ಸಂತೆ ಇತ್ತು. ಲಗಮವ್ವ ಸಂತೆಗೆ ಹೋಗಿದ್ದಳು. ಶಾರವ್ವ ನಾಯಿಯನ್ನು ಎತ್ತಿಕೊಂಡಳು. ಚೌರಿಯಷ್ಟೂ ತೂಕವಿರಲಿಲ್ಲ. ಮೈ ಕೆಂಡವಾಗಿತ್ತು. ಅವಳು ಬಾಗಿಲು ಹಾಕಲಿಲ್ಲ, ಮುಚ್ಚಿಡಲಿಲ್ಲ. ಅಂಗಳದ ಬೆಳಕಿನಲ್ಲೇ ಕೂತು ಕತ್ತರಿ ಹಿಡಿದಳು.

ಊಟಕ್ಕೆ ಬಂದ ಯಮನಪ್ಪ ಬಾಗಿಲಲ್ಲೇ ನಿಂತ. "ಏನ ಮಾಡಾಕತ್ತಿ? ಅವ್ವ ನೋಡಿದ್ರ..."

"ಕಾಲ ಹಿಡೀರಿ" ಎಂದಳು ಶಾರವ್ವ.

ಅವನು ಕೂತು ಹಿಡಿದ. ಗಂಟು ಒಂದೇ ತುಂಡಾಗಿ ಕಳಚಿತು. ಅದರ ಅಡಿಯಲ್ಲಿ ಕಿವಿ ಮಡಚಿಕೊಂಡು ಕಪ್ಪಾಗಿತ್ತು. ಚರ್ಮವಿರಬೇಕಾದ ಕಡೆ ಹುಳ ಹರಿದಾಡುತ್ತಿದ್ದವು. ಯಮನಪ್ಪ ಮುಖ ತಿರುವಿದ. ಶಾರವ್ವ ತಿರುವಲಿಲ್ಲ. ಅಲ್ಲಿದ್ದದ್ದನ್ನೆಲ್ಲ ಪೂರ್ತಿ ನೋಡಿದಳು.

ಟಂಟಂನಲ್ಲಿ ದನದ ದವಾಖಾನೆಗೆ ಒಯ್ದರು. ಡಾಕ್ಟರು ಬೇರೆ ಮಾತಾಡದೆ ಗಾಯ ತೊಳೆದು, ಹುಳ ತೆಗೆದು, ಸುತ್ತಲಿನ ಕೂದಲು ಬೋಳಿಸಿ, ಸೂಜಿ ಮಾಡಿದರು. ಕೈ ತೊಳೆಯುತ್ತ, "ನಂಜು ಮೈತುಂಬ ಏರೇತಿ. ದೊಡ್ಡ ನಾಯಿ ಆಗಿದ್ರ ತಡಕೋತಿತ್ತು. ಇದರ ಮೈಯಾಗ ಏನೈತ್ರಿ ತಡಕೊಳ್ಳಾಕ?" ಎಂದರು.

ಮನೆಗೆ ಬಂದಾಗ ಲಗಮವ್ವ ಅಂಗಳದಲ್ಲಿ ನಿಂತಿದ್ದಳು. ಸಂತೆಯ ಚೀಲ ಅವಳ ಕಾಲ ಬಳಿ ಬಿದ್ದಿತ್ತು. ನೆಲದ ಮೇಲೆ ಆ ಗಂಟು ಹಾಗೆಯೇ ಇತ್ತು.

"ಅತ್ತಿ, ಒಮ್ಮಿ ನೋಡ್ರಿ. ಒಳಗ ಹುಳಾ ಬಿದ್ದಿದ್ವು" ಎಂದು ಶಾರವ್ವ ನಾಯಿಯ ಬೋಳು ಕೊರಳನ್ನು ತೋರಿಸಹೋದಳು.

ಲಗಮವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಮುಚ್ಚು. ನನಗ ತೋರಸಬ್ಯಾಡ. ಎರಡನೇ ಸರ್ತಿ ಕತ್ತರಿ ಹಚ್ಚಿದೆಲ್ಲ ನೀ." ಆದರೂ ಕೈ ಚಾಚಿ ನಾಯಿಯನ್ನು ಇಸಿದುಕೊಂಡಳು. ಕಟ್ಟೆಯ ಮೇಲೆ ಕೂತು, ಅದರ ಮೈಯನ್ನು ಸೆರಗಿನಲ್ಲಿ ಮುಚ್ಚಿ, ಬೆರಳನ್ನು ಹಾಲಿನಲ್ಲಿ ಅದ್ದಿ ಅದರ ತುಟಿಗೆ ಸವರುತ್ತಿದ್ದಳು. ಮರುದಿನ ಬಿಸಿಲು ಏರುವ ಹೊತ್ತಿಗೆ ಪಿಂಕವ್ವ ಆ ಮಡಿಲಲ್ಲೇ ಸತ್ತಿತು.

ಹಿತ್ತಲಲ್ಲಿ ಯಮನಪ್ಪ ಕುಣಿ ತೆಗೆದ. ಶಾರವ್ವ ಹಿಡಿ ಮಣ್ಣು ಹಾಕಲು ಬಗ್ಗಿದಾಗ ಲಗಮವ್ವ ಮಗನ ಕಡೆ ನೋಡಿ, "ನಿನ್ನ ಹೇಣ್ತಿಗಿ ಹೇಳು, ಮುಟ್ಟಬ್ಯಾಡಂತ" ಎಂದಳು. ಅಳುತ್ತಲೇ ಹೇಳಿದಳು. ಶಾರವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

ಓಣಿಯಲ್ಲಿ ಎಲ್ಲರದೂ ಒಂದೇ ಮಾತಾಯಿತು. ಕತ್ತರಿ ಹಚ್ಚಿದಳು, ಮರುದಿನ ಹೋಯಿತು. ಬಿಸ್ಕೀಟಿನ ಜೋಕು ಮಾಡಿದ್ದ ಹೊಳಬಸಪ್ಪ ಕೂಡ, "ಏನರ ಇರಲಿ, ಹಚ್ಚಬಾರದಿತ್ತಪಾ" ಎಂದನಂತೆ. ಕಣ್ಣಾರೆ ಕಂಡಿದ್ದ ಯಮನಪ್ಪ ತಾನು ಕಂಡದ್ದನ್ನು ಎಲ್ಲೂ ಹೇಳಲಿಲ್ಲ. ಶಾರವ್ವ ಮತ್ತೆ ಹಾಸ್ಟೆಲಿಗೆ ಹೋಗತೊಡಗಿದಳು. ವಿದ್ಯಾಗಿರಿಯಲ್ಲಿ ಶುಭದಾ ಅವರ ಮನೆಯ ಕಡೆಗೆ ಮಾತ್ರ ಹಾಯಲಿಲ್ಲ.

ಒಂದು ರವಿವಾರ ಶುಭದಾ ಅವರೇ ಫೋನ್ ಮಾಡಿದರು. ಶಾರವ್ವ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಾಗಿಲಾಚೆ ಕಟ್ಟೆಯ ಮೇಲೆ ಲಗಮವ್ವ ಬೇಳೆ ಕೇರುತ್ತಿದ್ದಳು.

"ಶಾರವ್ವಾ, ನಮ್ಮ ಕಾಲೇಜಿನ್ಯಾಗ ಒಬ್ಬರು ಪಿಂಕಿಯಂಥಾದೇ ನಾಯಿ ತರ್ಬೇಕು ಅಂತಾರ. ನನಗ ಕೇಳಿದ್ರು. ನನಗಿಂತ ನಿನಗ ಛಲೋ ಗೊತ್ತದ. ಸಾಕೋದು ಒಳ್ಳೇದೋ, ಬ್ಯಾಡೋ?"

ಶಾರವ್ವ ಕೇಳಿದ್ದಕ್ಕೆ ನೇರವಾಗಿ ಉತ್ತರ ಹೇಳಿದಳು. ಎರಡು ಖೋಲಿಯ ಮನೆಯಲ್ಲೂ ಇರುತ್ತದೆ, ಹಿಡಿಯಷ್ಟು ಉಣ್ಣುತ್ತದೆ, ಕೂದಲು ಉದುರಿಸುವುದಿಲ್ಲ. ಬಸ್ಸಿಳಿದವರ ಹೆಜ್ಜೆ ಸಪ್ಪಳ ಓಣಿಯ ತುದಿಯಲ್ಲೇ ಅದಕ್ಕೆ ತಿಳಿಯುತ್ತದೆ. ಮಾತು ಬಿಟ್ಟವರೂ ಅದರೊಂದಿಗೆ ಮಾತಾಡುತ್ತಾರೆ.

"ಆದ್ರ ದಿನಾ ಅದಕ್ಕ ಎರಡ ಕೈ ಬೇಕ್ರಿ ಬಾಯಾರ. ಆ ಕೈ ಬಿದ್ವು ಅಂದ್ರ ಮನ್ಯಾಗ ಇನ್ನೊಬ್ಬರ ಕೈ ಬೇಕು. ಇನ್ನೊಬ್ಬರಿಲ್ಲಂದ್ರ ತರಬ್ಯಾಡ ಅಂತ ಹೇಳ್ರಿ."

"ಹಂಗ ಹೇಳ್ತೀನಿ. ಪಿಂಕಿ ಆರಾಮ ಅದ ಅಲ್ಲ?"

ಬಾಗಿಲಾಚೆ ಮರದ ಸದ್ದು ನಿಂತಿತು.

"ಹೋತ್ರಿ. ಕೂದಲ ಗಂಟಾಗಿ ಒಳಗ ಕೊಳತಿತ್ರಿ. ಕತ್ತರಿ ಹಚ್ಚಿದ್ದಕ್ಕ ಹೋಗಲಿಲ್ಲ. ಗೊತ್ತಿದ್ದೂ ನಾ ತಡಾ ಮಾಡಿದ್ನಿ, ಅದಕ್ಕ ಹೋತು."

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳುವಾಗಲೇ ತನ್ನ ಎರಡು ಬಸಿರುಗಳ ನೆನಪಾಯಿತು. ಅವಕ್ಕೂ ಕತ್ತರಿಗೂ ಸಂಬಂಧವಿರಲಿಲ್ಲ. ಇಷ್ಟು ವರ್ಷ ಅರ್ಧ ನಂಬಿಕೊಂಡೇ ಬದುಕಿದ್ದಳಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಮರುಕ ಹುಟ್ಟಿತು. ಶುಭದಾ ಏನೋ ಸಮಾಧಾನ ಹೇಳಿದರು. ಕಿವಿಗೆ ಬೀಳಲಿಲ್ಲ.

ಫೋನ್ ಕೆಳಗಿಟ್ಟು ನೋಡಿದರೆ ಲಗಮವ್ವ ಬಾಗಿಲಲ್ಲಿ ನಿಂತಿದ್ದಳು. ಮನೆಯಲ್ಲಿ ಯಮನಪ್ಪ ಇರಲಿಲ್ಲ.

"ಖರೇನ ಹುಳಾ ಇದ್ವೇನು?"

"ಇದ್ವುರಿ ಅತ್ತಿ."

ಲಗಮವ್ವ ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡಳು. "ನಾ ಹಚ್ಚಿದ ಎಣ್ಣಿಗೇನು?"

ಹೌದು ಎನ್ನಬಹುದಿತ್ತು. ಎಣ್ಣೆಯಿಂದಲೇ ಸಿಕ್ಕು ಬಿಗಿದದ್ದು, ಭಂಡಾರದ ಹುಡಿ ಕೂತು ಗಟ್ಟಿಯಾದದ್ದು. ಹಾಗೆ ಹೇಳಿದರೆ ಇಷ್ಟು ವರ್ಷ ತಾನು ಹೊತ್ತ ತಪ್ಪಿನ ಹೊರೆ ಆ ತಲೆಯ ಮೇಲೆ ಹೋಗಿ ಕೂಡುತ್ತದೆ. ಅದರ ಭಾರ ಎಷ್ಟೆಂದು ಶಾರವ್ವನಿಗೆ ತಿಳಿದಿತ್ತು. ಮುಪ್ಪಿನ ಹೆಂಗಸು ಬಾಗಿಲ ಚೌಕಟ್ಟು ಹಿಡಿದು ಉತ್ತರಕ್ಕೆ ಕಾಯುತ್ತಿದ್ದಳು.

"ಇಲ್ರಿ ಅತ್ತಿ. ಬಾಚೂ ಕೈ ನಂದಿತ್ತು."

ಲಗಮವ್ವ ಮರವನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಒಲೆಯ ಹೊಗೆ ನಡುಮನೆಗೆ ಬಂತು, ರೊಟ್ಟಿ ಬಡಿಯುವ ಸದ್ದೂ ಬಂತು. ಶಾರವ್ವ ಆರಿಸಿದ ಅಕ್ಕಿಯಲ್ಲಿ ತನಗೂ ಗಂಡನಿಗೂ ಇಬ್ಬರಿಗೆ ಆಗುವಷ್ಟು ಅಳೆದು ತೊಳೆಯಲು ಇಟ್ಟಳು.